ದಾಸೋಹದ ನಾಡಿನಲ್ಲಿ ಮಗುವಿನ ತೂಕ

ಅನ್ನ ಕೊಟ್ಟವನ ಹೊಣೆ ಅದು ತಟ್ಟೆಗೆ ಬಿದ್ದೊಡನೆ ಮುಗಿಯುತ್ತದೆಯೇ, ಇಲ್ಲವೇ ಆ ಅನ್ನ ಉಂಡವರ ಮೈಯಲ್ಲಿ ಏನಾಯಿತೆಂದು ವಿಚಾರಿಸುವವರೆಗೂ ಮುಂದುವರಿಯುತ್ತದೆಯೇ ಎಂಬುದು ದಾನಧರ್ಮವನ್ನು ಕುರಿತ ಚರ್ಚೆಗಳಲ್ಲಿ ಅಷ್ಟಾಗಿ ಎದ್ದುಬಾರದ ಪ್ರಶ್ನೆ. ದಾನದ ದೇಶ, ಕಾಲ, ಪಾತ್ರಗಳನ್ನು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ವಿಚಾರಿಸುತ್ತದೆ, ಕೊಡುವವನ ಶ್ರದ್ಧೆಯನ್ನು ಧರ್ಮಶಾಸ್ತ್ರಗಳು ತೂಗುತ್ತವೆ, ಕೊಟ್ಟ ವಸ್ತುವಿನ ಶುದ್ಧಿಯನ್ನು ಆಚಾರಗ್ರಂಥಗಳು ಪರೀಕ್ಷಿಸುತ್ತವೆ. ಪಡೆದವರ ದೇಹ ಮಾತ್ರ ಈ ವಿಚಾರಣೆಯಲ್ಲಿ ಬಹುಮಟ್ಟಿಗೆ ಮರೆಯಲ್ಲೇ ಉಳಿಯುತ್ತದೆ. ಶಾಲಾ ಮಕ್ಕಳ ಎತ್ತರ ಮತ್ತು ತೂಕವನ್ನು ಅಳೆದು, ಅವರಲ್ಲಿ ಯಾರು ಸೊರಗಿದ್ದಾರೆ, ಯಾರು ಅತಿತೂಕದತ್ತ ಸಾಗುತ್ತಿದ್ದಾರೆ ಎಂದು ಗುರುತಿಸುವ ಕೆಲಸವನ್ನು ಸಾಮಾನ್ಯವಾಗಿ ಆರೋಗ್ಯ ಇಲಾಖೆಯ ದಾಖಲೆಗೆ ಸಂಬಂಧಿಸಿದ ವಿಷಯವೆಂದು ಭಾವಿಸಲಾಗುತ್ತದೆ. ಆದರೆ ಸರ್ಕಾರವೇ ತನ್ನ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಧಾರ್ಮಿಕ ಪರಂಪರೆಯ ಹೆಸರಿಟ್ಟಿರುವ ನಾಡಿನಲ್ಲಿ, ಅದರಲ್ಲೂ ಕೊಪ್ಪಳದಂತಹ ಜಿಲ್ಲೆಯಲ್ಲಿ, ಅದು ಧರ್ಮವಿಚಾರಕ್ಕೂ ಸೇರಿದ ವಿಷಯವಾಗುತ್ತದೆ.

ಕೊಪ್ಪಳದ ನೆಲಕ್ಕೆ ಈ ವಿಚಾರದಲ್ಲಿ ದೀರ್ಘ ನೆನಪಿದೆ. ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕೊಪಣವೆಂಬ ಹೆಸರಿನಲ್ಲಿ ಇದೇ ಊರು ಶತಮಾನಗಳ ಕಾಲ ಜೈನರ ಮಹಾತೀರ್ಥವಾಗಿತ್ತು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆ ಕಾಲದ ಕನ್ನಡ ಶಾಸನಗಳಲ್ಲಿ, ಮುಖ್ಯವಾಗಿ ಜೈನ ಪರಂಪರೆಯ ಪ್ರಭಾವವಿರುವಲ್ಲಿ, ಮತ್ತೆ ಮತ್ತೆ ಕಾಣುವ ಒಂದು ಕಲ್ಪನೆಯೆಂದರೆ ಚತುರ್ವಿಧ ದಾನ: ಆಹಾರ, ಅಭಯ, ಭೈಷಜ್ಯ ಮತ್ತು ಶಾಸ್ತ್ರ. ಹಸಿದವರಿಗೆ ಅನ್ನ, ಅಂಜಿದವರಿಗೆ ಭರವಸೆ, ರೋಗಿಗಳಿಗೆ ಔಷಧ, ಅರಿಯದವರಿಗೆ ವಿದ್ಯೆ ಎಂಬ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಬರಿಯ ಪದಗಳ ಜೋಡಣೆಗಾಗಿ ಇರಲಾರದು, ಏಕೆಂದರೆ ಒಂದೇ ಮನುಷ್ಯನಿಗೆ ಒಂದೇ ವೇಳೆಗೆ ಈ ನಾಲ್ಕೂ ಬೇಕಾಗಿರುತ್ತವೆ. ಸರ್ಕಾರಿ ಶಾಲೆಯ ಮಗು ಅಂತಹ ಮನುಷ್ಯ. ಅದಕ್ಕೆ ಶಾಲೆ ವಿದ್ಯೆಯನ್ನೂ ಅನ್ನವನ್ನೂ ಕೊಡುತ್ತಿದೆ; ಉಳಿದೆರಡರ ಸ್ಥಿತಿ ಏನೆಂಬುದೇ ಇಲ್ಲಿನ ವಿಚಾರ.

ಹನ್ನೆರಡನೆಯ ಶತಮಾನದ ಶರಣರು ದಾನದ ಕಲ್ಪನೆಯನ್ನು ಒಪ್ಪಿ ಸುಮ್ಮನಾಗದೆ ಅದನ್ನು ತಿದ್ದಿದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಉಳಿದುಬಿಡುತ್ತದೆ ಎಂಬ ಕಾರಣಕ್ಕೆ ಅವರು ದಾಸೋಹವನ್ನು ಮುಂದಿಟ್ಟರು. ಕಾಯಕದಿಂದ, ಅಂದರೆ ಸ್ವಂತ ದುಡಿಮೆಯಿಂದ, ಬಂದದ್ದನ್ನು ತನ್ನದೆನ್ನದೆ ಸಮಾಜಕ್ಕೆ ಒಪ್ಪಿಸುವುದು ದಾಸೋಹ. ಅದರಲ್ಲಿ ಕೊಡುವವನೇ ಸೇವಕ, ಉಣ್ಣುವವನು ಪೂಜ್ಯ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಹಳ್ಳಿಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ಯಾರು ಸುಟ್ಟರು, ಯಾರು ಉಂಡರು ಎಂದು ಯಾರೂ ಕೇಳದಿರುವುದು ಈ ಭಾವನೆಯ ಇಂದಿಗೂ ಜೀವಂತವಾದ ರೂಪ. ಜಾತ್ರೆಯ ದಾಸೋಹಕ್ಕೆ ಕೇಳದಿರುವುದೇ ಶೋಭೆ, ಏಕೆಂದರೆ ಬಂದವರು ಒಂದೆರಡು ದಿನದ ಅತಿಥಿಗಳು. ಹತ್ತು ವರ್ಷ ದಿನವೂ ಒಂದು ಹೊತ್ತು ಉಣ್ಣುವ ಮಗುವಿನ ಸಂಗತಿ ಬೇರೆ. ಅಲ್ಲಿ ವಿಚಾರಿಸದಿರುವುದು ಔದಾರ್ಯವೆನಿಸಲಾರದು, ಅದು ಉದಾಸೀನವೇ ಆದೀತು.

ಅಕ್ಷರ ದಾಸೋಹದ ಹಿನ್ನೆಲೆಯಲ್ಲಿ ನ್ಯಾಯಾಲಯದ ಆದೇಶವೊಂದಿದೆ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆದೇಶಿಸಿತು; ಕರ್ನಾಟಕದಲ್ಲಿ 2002ರಲ್ಲಿ ಮೊದಲಿಗೆ ಹಿಂದುಳಿದ ಏಳು ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. ಆ ಏಳರಲ್ಲಿ ಕೊಪ್ಪಳವೂ ಒಂದು. ಈಗಿನ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 100 ಗ್ರಾಂ ಧಾನ್ಯದೊಡನೆ 450 ಕಿಲೋಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಧಾನ್ಯದೊಡನೆ 700 ಕಿಲೋಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನು ಸಿಗಬೇಕು. ಇದು ಪಾತ್ರೆಗೆ ಬೀಳುವ ಅಳತೆ. ಅಡುಗೆ ಕೋಣೆಯ ತಕ್ಕಡಿ ಅಕ್ಕಿ, ಬೇಳೆಯನ್ನು ದಿನವೂ ತೂಗುತ್ತದೆ, ಅದರ ಲೆಕ್ಕವನ್ನು ಮುಖ್ಯಶಿಕ್ಷಕರು ದಿನವೂ ಬರೆಯುತ್ತಾರೆ. ಉಂಡ ಮಗುವನ್ನು ತೂಗುವ ತಕ್ಕಡಿಗೆ ಮಾತ್ರ ಅಂತಹ ನಿತ್ಯದ ಸ್ಥಾನವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯತಂಡ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕೆಂಬ ನಿಯಮವಿದೆ.

ಅಳೆಯುವುದೆಂದರೆ ಏನನ್ನು ಅಳೆದಂತಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಎಲ್ಲೆಡೆ ಬಳಕೆಯಲ್ಲಿರುವ ಸೂಚಿ ದೇಹದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ: ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಇದನ್ನು ರೂಪಿಸಿದವನು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕೆಟಲೆ. ಅವನ ಉದ್ದೇಶ ಜನಸಮುದಾಯದ ‘ಸರಾಸರಿ ಮನುಷ್ಯ’ನನ್ನು ಕಂಡುಕೊಳ್ಳುವುದಾಗಿತ್ತೇ ಹೊರತು ಒಬ್ಬೊಬ್ಬರ ಕೊಬ್ಬನ್ನು ಅಳೆಯುವುದಾಗಿರಲಿಲ್ಲ. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರು ಕೊಟ್ಟದ್ದು 1972ರಲ್ಲಿ. ಬೆಳೆಯುವ ಮಕ್ಕಳಲ್ಲಿ ಈ ಸಂಖ್ಯೆ ವಯಸ್ಸಿನೊಂದಿಗೆ ಬದಲಾಗುವುದರಿಂದ, ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗಾಗಿ ಪ್ರಕಟಿಸಿದ ಕೋಷ್ಟಕಗಳೊಡನೆ ಅದನ್ನು ಹೋಲಿಸಬೇಕಾಗುತ್ತದೆ. ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಮಧ್ಯಮಾನದಿಂದ ಎರಡು ಮಾನಕ ವಿಚಲನೆಗಳಿಗಿಂತ ಕೆಳಗಿದ್ದರೆ ಕೃಶತೆ, ಒಂದು ಮಾನಕ ವಿಚಲನೆಗಿಂತ ಮೇಲಿದ್ದರೆ ಅತಿತೂಕ, ಎರಡನ್ನು ಮೀರಿದರೆ ಸ್ಥೂಲತೆ ಎಂದು ಗಣಿಸಲಾಗುತ್ತದೆ. ಮಾನಕ ವಿಚಲನೆಯೆಂದರೆ ಒಂದು ಗುಂಪಿನಲ್ಲಿ ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿಕೊಂಡಿರುತ್ತವೆ ಎಂಬುದರ ಮಾಪನ.

ಹತ್ತು ವರ್ಷದ ಹುಡುಗಿಯೊಬ್ಬಳ ಎತ್ತರ 124 ಸೆಂಟಿಮೀಟರು, ತೂಕ 24 ಕಿಲೋ ಎಂದು ಭಾವಿಸಿದರೆ ಅವಳ ಸೂಚ್ಯಂಕ 15.6 ಆಗುತ್ತದೆ. ಆ ವಯಸ್ಸಿನ ಹುಡುಗಿಯರಲ್ಲಿ ಕೃಶತೆಯ ಗೆರೆ ಸುಮಾರು 13.5, ಅತಿತೂಕದ ಗೆರೆ ಸುಮಾರು 19. ಆದ್ದರಿಂದ ಅವಳ ಹೆಸರಿನ ಮುಂದೆ ‘ಸಾಮಾನ್ಯ’ ಎಂದು ಬರೆದು ಮುಂದಿನ ಮಗುವನ್ನು ಕರೆಯಲಾಗುತ್ತದೆ. ಅದೇ ಕೋಷ್ಟಕದ ಎತ್ತರದ ಪುಟ ತಿರುವಿದರೆ, ಆ ವಯಸ್ಸಿನಲ್ಲಿ ಸುಮಾರು 126 ಸೆಂಟಿಮೀಟರಿಗಿಂತ ಕಡಿಮೆ ಇರುವವಳು ಬೆಳವಣಿಗೆ ಕುಂಠಿತಳಾದವಳೆಂದು ತಿಳಿಯುತ್ತದೆ. ಅಂದರೆ ವರ್ಷಗಟ್ಟಲೆ ಸಾಲದೆ ಹೋದ ಆಹಾರ ಮತ್ತು ಮರುಕಳಿಸಿದ ಕಾಯಿಲೆಗಳು ಅವಳ ಎತ್ತರವನ್ನೇ ಕುಗ್ಗಿಸಿವೆ. ತೂಕವೂ ಎತ್ತರವೂ ಒಟ್ಟಿಗೆ ಕುಗ್ಗಿರುವುದರಿಂದ ಅವೆರಡರ ಅನುಪಾತ ಸರಿಯಾಗಿಯೇ ಕಾಣುತ್ತದೆ. ಹಸಿವು ತನ್ನ ಗುರುತನ್ನು ತಾನೇ ಅಳಿಸಿಹಾಕುವ ಬಗೆ ಇದು.

ಭಾರತೀಯ ತರ್ಕಶಾಸ್ತ್ರದ ಭಾಷೆಯಲ್ಲಿ ಈ ದೋಷಕ್ಕೆ ನಿಖರವಾದ ಸ್ಥಾನವಿದೆ. ನ್ಯಾಯದರ್ಶನದ ಪ್ರಕಾರ ಕಾಣುವ ಹೇತುವಿನಿಂದ ಕಾಣದ ಸಾಧ್ಯವನ್ನು ತಿಳಿಯುವುದೇ ಅನುಮಾನ. ಹೊಗೆಯಿಂದ ಬೆಂಕಿಯನ್ನು ತಿಳಿಯುವುದು ಅದರ ಪ್ರಸಿದ್ಧ ನಿದರ್ಶನ. ಆ ಸಾಧ್ಯವು ಇಲ್ಲದ ಕಡೆಯಲ್ಲೂ ಹೇತು ಕಾಣಿಸಿಕೊಂಡರೆ ಅದು ಸವ್ಯಭಿಚಾರ, ಅಂದರೆ ದಾರಿ ತಪ್ಪಿಸುವ ಹೇತು. ದೇಹದ್ರವ್ಯರಾಶಿ ಸೂಚ್ಯಂಕ ಅಂತಹ ಹೇತು: ಸಾಮಾನ್ಯ ಸಂಖ್ಯೆ ಇರುವಲ್ಲಿ ಸುಪೋಷಣೆ ಇಲ್ಲದಿರಬಹುದು, ತೆಳ್ಳಗಿನ ಮೈಯ ಒಳಗೆ ಹೊಟ್ಟೆಯ ಸುತ್ತ ಕೊಬ್ಬು ಸೇರಿರಬಹುದು. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಸಂಗಡಿಗರು ಭಾರತದ ನವಜಾತ ಶಿಶುಗಳು ಯುರೋಪಿನ ಶಿಶುಗಳಿಗಿಂತ ಹಗುರವಾಗಿದ್ದರೂ ಮಾಂಸಖಂಡ ಕಡಿಮೆಯಾಗಿ ಕೊಬ್ಬು ಉಳಿದುಕೊಂಡಿರುವುದನ್ನು ತೋರಿಸಿದರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನವು, ಗರ್ಭಿಣಿಯಾಗಿದ್ದಾಗ ತಾಯಿಗೆ ಮಧುಮೇಹವಿದ್ದ ಮಕ್ಕಳಲ್ಲಿ ಮುಂದೆ ಕೊಬ್ಬು ಹೆಚ್ಚುವುದನ್ನು ಕಂಡಿತು. ಇಷ್ಟರಿಂದ ಅಳೆಯುವುದೇ ವ್ಯರ್ಥವೆಂದಾಗುವುದಿಲ್ಲ. ಒಂದೇ ಹೇತುವನ್ನು ನಂಬಿ ತೀರ್ಪು ಕೊಡಬಾರದು, ವಯಸ್ಸಿಗೆ ತಕ್ಕ ಎತ್ತರ, ಸೊಂಟದ ಸುತ್ತಳತೆ, ಕಣ್ಣುರೆಪ್ಪೆಯ ಒಳಗಿನ ಬಿಳುಪು, ಮನೆಯ ಊಟದ ವಿಚಾರಣೆ ಇವೆಲ್ಲ ಸೇರಿಯೇ ಪ್ರಮಾಣವಾಗಬೇಕು ಎಂಬುದಷ್ಟೇ ಇದರ ಅರ್ಥ.

ಪ್ರಮಾಣ ಕೆಡುವುದು ಎಷ್ಟೋ ಸಲ ಸಣ್ಣ ಸಂಗತಿಗಳಲ್ಲಿ. ಎತ್ತರ ನೋಡುವಾಗ ಮಗು ಬರಿಗಾಲಲ್ಲಿ ನಿಂತು ಹಿಮ್ಮಡಿ, ಪೃಷ್ಠ, ಹೆಗಲು, ಹಿಂದಲೆ ಗೋಡೆಗೆ ತಾಗಬೇಕು, ದೃಷ್ಟಿ ನೇರವಾಗಿರಬೇಕು. ನೆತ್ತಿಯ ಮೇಲೆ ಎತ್ತಿ ಕಟ್ಟಿದ ಜಡೆ, ರಿಬ್ಬನ್ನಿನ ಗಂಟು ಒಂದೆರಡು ಸೆಂಟಿಮೀಟರನ್ನು ಸುಳ್ಳಾಗಿ ಸೇರಿಸಬಲ್ಲವು. ಮೇಲೆ ಹೇಳಿದ ಹುಡುಗಿಯ ಕುಂಠಿತ ಬೆಳವಣಿಗೆ ಮರೆಯಾಗಲು ಅಷ್ಟೇ ಸಾಕು. ತಕ್ಕಡಿ ಸೊನ್ನೆಯಲ್ಲಿರಬೇಕು, ಸ್ವೆಟರು, ಕಿಸೆಯೊಳಗಿನ ಗೋಲಿ ಹೊರಗಿರಬೇಕು. ವಯಸ್ಸು ಇದಕ್ಕಿಂತ ಜಟಿಲ. ಹುಟ್ಟಿದ ದಿನ ತಿಳಿಯದ ಮಗುವಿಗೆ ಜೂನ್ 1 ಎಂದು ಬರೆದುಕೊಳ್ಳುವ ರೂಢಿ ಕರ್ನಾಟಕದ ಶಾಲೆಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಯಸ್ಸಿಗೆ ತಕ್ಕಂತೆ ಓದಬೇಕಾದ ಕೋಷ್ಟಕದಲ್ಲಿ ತಪ್ಪಿದ ಆರು ತಿಂಗಳು ಒಂದು ಮಗುವನ್ನು ರೋಗಿಯಾಗಿಸಬಹುದು, ಇನ್ನೊಂದನ್ನು ಪಟ್ಟಿಯಿಂದ ಬಿಡಿಸಬಹುದು. ಮಗುವನ್ನು ಸರಿಯಾಗಿ ಅಳೆಯುವುದರಲ್ಲಿರುವ ಈ ತಾಳ್ಮೆಯನ್ನು ಸತ್ಯವ್ರತದ ಭಾಗವೆಂದೇ ಎಣಿಸಬೇಕು.

ಕೊರತೆ ಮತ್ತು ಅತಿರೇಕಗಳು ಒಂದೇ ಜಿಲ್ಲೆಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ನೆಲೆಸಿರುವುದು ಈ ಕಾಲದ ವಿಶೇಷ. 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ ಭಾರತದ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 22ರಷ್ಟು ಕುಂಠಿತ ಬೆಳವಣಿಗೆಯವರು, ಶೇ. 23ರಷ್ಟು ಕೃಶರು, ಶೇ. 4ರಷ್ಟು ಅತಿತೂಕದವರು, ಅದೇ ವಯಸ್ಸಿನ ಮಕ್ಕಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮಿತಿಮೀರಿದ್ದವರು ಶೇ. 34. ತೂಕ ಹೆಚ್ಚಿದವರು ನೂರಕ್ಕೆ ನಾಲ್ಕೇ ಮಂದಿ ಇರುವಾಗ ರಕ್ತದ ಕೊಬ್ಬು ಮೂವರಲ್ಲಿ ಒಬ್ಬರಿಗೆ ಏರಿದೆಯೆಂದರೆ, ಸ್ಥೂಲತೆಯ ಅಪಾಯವನ್ನು ಕಣ್ಣಳತೆಯಿಂದ ಗುರುತಿಸಲಾಗದು. ಜಗತ್ತಿನಲ್ಲಿ 5ರಿಂದ 19 ವರ್ಷದವರ ಪೈಕಿ ಸ್ಥೂಲರ ಪ್ರಮಾಣ ಕಡಿಮೆ ತೂಕದವರ ಪ್ರಮಾಣವನ್ನು ಮೊದಲ ಬಾರಿಗೆ ದಾಟಿದೆಯೆಂದು ಯುನಿಸೆಫ್ 2025ರಲ್ಲಿ ವರದಿ ಮಾಡಿತು. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆದ ಜೋಳ, ಸಜ್ಜೆ, ನವಣೆ, ಕಡಲೆಗಳ ಊಟಕ್ಕೂ, ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಭತ್ತದ ಕಣಜವೆನಿಸಿದ ಗಂಗಾವತಿಯ ಬಿಳಿ ಅನ್ನದ ಊಟಕ್ಕೂ ಹಿಂದೆ ಇದ್ದ ಅಂತರ ಈಗ ಕರಗುತ್ತಿದೆ. ಪಡಿತರದ ಅಕ್ಕಿ, ಬೆಳಗಿನ ಚಹಾದೊಡನೆ ಬಿಸ್ಕೀಟು, ಶಾಲೆಯ ಹಾದಿಯ ಅಂಗಡಿಯಲ್ಲಿ ನೇತಾಡುವ ಐದು ರೂಪಾಯಿಯ ಪಾಕೀಟು ಎರಡು ಕಡೆಯ ಮಕ್ಕಳ ಹೊಟ್ಟೆಯನ್ನೂ ಒಂದೇ ಬಗೆಯಲ್ಲಿ ತುಂಬಿಸತೊಡಗಿವೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ತಟ್ಟೆ ಬಡತನದ ಗುರುತೆಂದೂ ಪಾಕೀಟು ಏಳಿಗೆಯ ಗುರುತೆಂದೂ ಮಕ್ಕಳು ಕಲಿತುಬಿಟ್ಟಿರುವುದು ನಿಜಕ್ಕೂ ದುಃಖದ ಸಂಗತಿ.

ಮಿತವಾಗಿ ಉಣ್ಣಬೇಕೆಂದು ಹೇಳದ ಧರ್ಮವಿಲ್ಲ. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗ ಒದಗದೆಂದು ಹೇಳುತ್ತದೆ. ಹೊಟ್ಟೆಬಿರಿಯ ಉಂಡು ಏದುಸಿರು ಬಿಡುತ್ತ ಬಂದ ಕೋಸಲದ ರಾಜ ಪಸೇನದಿಗೆ ಬುದ್ಧನು ಅಳತೆಯರಿತು ಉಣ್ಣುವುದನ್ನು ಕಲಿಸಿದ ಪ್ರಸಂಗ ಸಂಯುತ್ತನಿಕಾಯದಲ್ಲಿದೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನು ಜೈನರು ಬಾಹ್ಯ ತಪಸ್ಸುಗಳಲ್ಲಿ ಒಂದೆಂದು ಎಣಿಸಿದರು. ಕೊಪಣದ ಗುಡ್ಡಗಳಲ್ಲಿ ಆಹಾರವನ್ನೇ ತ್ಯಜಿಸಿ ಸಲ್ಲೇಖನದಿಂದ ದೇಹ ಬಿಟ್ಟವರ ನೆನಪುಗಳು ಕಲ್ಲಿನಲ್ಲಿವೆ. ಈ ಎಲ್ಲ ಉಪದೇಶಗಳಿಗೂ ಸಮಾನವಾದ ಪೂರ್ವಭಾವನೆಯೊಂದಿದೆ: ಕೇಳುವವನು ಪ್ರಾಪ್ತವಯಸ್ಕ, ಅವನ ಮುಂದೆ ಆಹಾರವಿದೆ, ಬೇಕು ಬೇಡವೆನ್ನುವ ಸ್ವಾತಂತ್ರ್ಯವೂ ಅವನಿಗಿದೆ. ಪಸೇನದಿ ರಾಜನಾಗಿದ್ದ. ಮಗುವಿಗೆ ಈ ಮೂರರಲ್ಲಿ ಒಂದೂ ಇಲ್ಲ. ತಟ್ಟೆಗೆ ಏನು ಬರಬೇಕೆಂದು ನಿರ್ಧರಿಸುವವರು ಬೇರೆಯವರು. ಆದ್ದರಿಂದ ಸಂಯಮದ ಆದರ್ಶವನ್ನು ಮಗುವಿನ ಮೇಲೆ ಹೊರಿಸಿ, ದಪ್ಪಗಾದದ್ದು ಅದರ ನಾಲಗೆಯ ಚಾಪಲ್ಯವೆಂದೋ ಸೊರಗಿದ್ದು ಅದರ ಪೂರ್ವಕರ್ಮವೆಂದೋ ಹೇಳುವುದು ಆ ಧರ್ಮಗಳನ್ನೇ ತಪ್ಪಾಗಿ ಓದಿದಂತೆ.

ವೈದ್ಯಶಾಸ್ತ್ರವೂ ಈ ತಪ್ಪಿನಿಂದ ಪೂರ್ತಿ ಮುಕ್ತವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ‘ಅಷ್ಟನಿಂದಿತ’ರನ್ನು, ಅಂದರೆ ನಿಂದೆಗೆ ಗುರಿಯಾಗುವ ಎಂಟು ಬಗೆಯ ದೇಹದವರನ್ನು, ಹೆಸರಿಸುತ್ತದೆ: ಅತಿ ಎತ್ತರದವರು, ಅತಿ ಕುಳ್ಳರು, ಅತಿ ರೋಮದವರು, ರೋಮವಿಲ್ಲದವರು, ಅತಿ ಕಪ್ಪಗಿರುವವರು, ಅತಿ ಬೆಳ್ಳಗಿರುವವರು, ಅತಿಸ್ಥೂಲರು, ಅತಿಕೃಶರು. ತಾವು ಆರಿಸಿಕೊಳ್ಳದ ಮೈಬಣ್ಣ, ಎತ್ತರಗಳನ್ನೂ ಈ ಪಟ್ಟಿಗೆ ಸೇರಿಸಿದ್ದು ಇಂದಿನ ಓದುಗರಿಗೆ ಒಪ್ಪಿಗೆಯಾಗದು. ಆದರೆ ಮುಂದಿನ ವಿವರಣೆಯಲ್ಲಿ ಗ್ರಂಥ ನಿಂದೆಯನ್ನು ಬಿಟ್ಟು ಕಾರಣಗಳನ್ನು ಹುಡುಕುತ್ತದೆ; ಸ್ಥೂಲತೆಗೆ ಅತಿಯಾದ, ಸಿಹಿಯಾದ, ಜಿಡ್ಡಿನ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಯರಿಂದ ಬರುವ ಪ್ರಕೃತಿಯನ್ನೂ, ಕಾರಣವೆಂದು ಹೇಳುತ್ತದೆ. ವೈದ್ಯನ ಅರಿವು ಸಮಾಜದ ನಿಂದೆಗಿಂತ ಮುಂದೆ ಹೋಗುವ ಬಿಂದು ಇದು, ಅಭಯದಾನ ಆರಂಭವಾಗಬೇಕಾದ ಬಿಂದುವೂ ಇದೇ. ತರಗತಿಯ ಎಲ್ಲರ ಎದುರು ತೂಕವನ್ನು ಗಟ್ಟಿಯಾಗಿ ಕೂಗಿ ಬರೆಸುವ ಪದ್ಧತಿಯಿಂದ ಒಂದು ಮಗು ಅಂದಿನಿಂದಲೇ ‘ಡುಮ್ಮ’ನಾಗುತ್ತದೆ, ಇನ್ನೊಂದು ‘ನರಪೇತಲ’ನಾಗುತ್ತದೆ. ಅಂತಹ ಅಳತೆ ಔಷಧದ ಮೊದಲ ಹೆಜ್ಜೆಯಾಗುವ ಬದಲು ಶಿಕ್ಷೆಯಾಗಿಬಿಡುತ್ತದೆ. ಪರದೆಯ ಮರೆಯಲ್ಲಿ ತೂಗಿ, ಸಂಖ್ಯೆಯನ್ನು ತಾಯಿತಂದೆಗೆ ಮಾತ್ರ ತಿಳಿಸುವುದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ.

ಮಗುವಿನ ತಟ್ಟೆಗೆ ಏನು ಬರಬೇಕೆಂಬ ವಿಚಾರ ಬೀದಿಯ ಚರ್ಚೆಯಾದದ್ದು 2021ರ ಡಿಸೆಂಬರಿನಲ್ಲಿ. ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೆಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಆಡಿದ ದಿಟ್ಟ ಮಾತು ನಾಡಿನಾದ್ಯಂತ ಕೇಳಿಸಿತು. ವಿರೋಧಿಸಿದವರ ವಾದದಲ್ಲಿ ಗಂಭೀರವಾಗಿ ಪರಿಶೀಲಿಸಬೇಕಾದ ಅಂಶವೊಂದಿತ್ತು: ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಬೇರೆ ಬೇರೆ ಬಡಿಸಿದರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂಬುದು. ಪಂಕ್ತಿಭೇದದ ನೋವನ್ನು ಉಂಡ ಸಮಾಜಕ್ಕೆ ಈ ಆತಂಕ ಅರ್ಥವಾಗುತ್ತದೆ. ಆದರೆ ಪಂಕ್ತಿಯ ಸಮತೆ ಇರುವುದು ಕುಳಿತವರಿಗೆ ಸಲ್ಲುವ ಗೌರವದಲ್ಲಿ ಮತ್ತು ಅವರ ಅಗತ್ಯ ತೀರುವುದರಲ್ಲಿ. ತಟ್ಟೆಯ ಪದಾರ್ಥ ಒಂದೇ ಆದಮಾತ್ರಕ್ಕೆ ಸಮತೆ ಬಂದುಬಿಡುವುದಿಲ್ಲ. ಅಳತೆಯ ದೃಷ್ಟಿಯಿಂದ ನೋಡಿದರೆ ನಿಜವಾದ ಭೇದ ಇನ್ನೊಂದೆಡೆ ಇತ್ತು: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದ್ದರೆ ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಮಾತ್ರ. ಸಸ್ಯಾಹಾರಿ ಮಗುವಿಗೆ ಸಿಕ್ಕಿದ್ದು ಸಕ್ಕರೆಯ ಅಂಶ, ಸಿಗಬೇಕಾಗಿದ್ದ ಪ್ರೋಟೀನು ಅಲ್ಲ. ಮೊಟ್ಟೆಯ ವಿರುದ್ಧ ಅಷ್ಟು ದನಿಗಳು ಎದ್ದಾಗ ಆ ಮಗುವಿಗೆ ಒಂದು ಹಿಡಿ ಹುರಿದ ಕಡಲೆಯೋ ಶೇಂಗಾವೋ ಸಮನಾಗಿ ಸಲ್ಲಬೇಕೆಂಬ ದನಿ ಅಷ್ಟೇ ಗಟ್ಟಿಯಾಗಿ ಏಳಬೇಕಿತ್ತು, ಏಳಲಿಲ್ಲ. ಕೊಡುವವರ ಶುದ್ಧಿಯ ಚರ್ಚೆ ಪಡೆಯುವವರ ದೇಹವನ್ನು ಮರೆಸಿತು. ಮುಂದೆ ಮೊಟ್ಟೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಲ್ಲಿ ವಾರದ ಆರು ದಿನಕ್ಕೂ ಏರಿತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣಿನೊಂದಿಗೆ ಇದ್ದ ಇನ್ನೊಂದು ಆಯ್ಕೆ ಶೇಂಗಾ ಚಿಕ್ಕಿ; ಅದರಲ್ಲಿ ಕೊಬ್ಬು ಮತ್ತು ಸಕ್ಕರೆಯ ಅಂಶ ಹೆಚ್ಚೆಂಬ ಕಾರಣಕ್ಕೆ 2025ರಲ್ಲಿ ಶಿಕ್ಷಣ ಇಲಾಖೆ ಅದನ್ನು ನಿಲ್ಲಿಸಿತು. ಕೊಟ್ಟದ್ದನ್ನು ಮತ್ತೆ ಪರಿಶೀಲಿಸಿ ತಿದ್ದಿಕೊಂಡ ಈ ನಡೆ ಸ್ವಾಗತಾರ್ಹ, ಆದರೆ ಚಿಕ್ಕಿ ಹೋದ ಜಾಗಕ್ಕೆ ಸಮಾನ ಪ್ರೋಟೀನಿನ ಸಸ್ಯಾಹಾರ ಬರಬೇಕು.

ಇನ್ನೊಂದು ಅಸಮತೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಬಿಸಿಯೂಟವೂ ಸಂಚಾರಿ ವೈದ್ಯತಂಡದ ತಪಾಸಣೆಯೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮೀಸಲು. ಗಂಗಾವತಿ, ಕೊಪ್ಪಳದಂತಹ ಪಟ್ಟಣಗಳ ಅನುದಾನರಹಿತ ಖಾಸಗಿ ಶಾಲೆಗಳ ಮಕ್ಕಳು ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವವರು, ಕೈಯಲ್ಲಿ ಕಾಸಿರುವವರು. ಅತಿತೂಕದ ಅಪಾಯ ಹೆಚ್ಚಿರುವ ಅವರೇ ಯಾವ ತಕ್ಕಡಿಗೂ ಸಿಗದೆ ಉಳಿಯುತ್ತಾರೆ. ಬಡವರ ಮಕ್ಕಳನ್ನು ಮಾತ್ರ ಅಳೆಯುವುದು ಅವರನ್ನು ಸದಾ ಪರೀಕ್ಷೆಗೆ ಒಳಪಟ್ಟವರನ್ನಾಗಿ ಮಾಡುತ್ತದೆ, ಉಳ್ಳವರ ಮಕ್ಕಳು ಸದಾ ಆರೋಗ್ಯವಂತರೆಂಬ ನಂಬಿಕೆಯನ್ನೂ ಬೆಳೆಸುತ್ತದೆ. ಎರಡೂ ತಪ್ಪು.

ದಾಸೋಹದ ಫಲ ಉಂಡವರಲ್ಲೇ ನಿಲ್ಲುವುದಿಲ್ಲವೆಂಬುದಕ್ಕೆ ಪ್ರಮಾಣವೂ ದೊರೆತಿದೆ. ಭಾರತದ ಮಧ್ಯಾಹ್ನದ ಬಿಸಿಯೂಟ ಉಂಡು ಬೆಳೆದ ಹೆಣ್ಣುಮಕ್ಕಳು ತಾಯಂದಿರಾದಾಗ ಅವರ ಮಕ್ಕಳ ಎತ್ತರ ಉಳಿದವರ ಮಕ್ಕಳಿಗಿಂತ ಉತ್ತಮವಾಗಿತ್ತೆಂದು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2002ರಲ್ಲಿ ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ ಮೊದಲ ಬಿಸಿಯೂಟ ಉಂಡ ಒಂದನೆಯ ತರಗತಿಯ ಹುಡುಗಿಯರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಅದೇ ಶಾಲೆಗಳ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುವ ಕಾಲವಿದು. ಈ ಎರಡನೆಯ ತಲೆಮಾರಿನ ಪ್ರತಿ ಮಗುವಿನ ಎತ್ತರ, ತೂಕಗಳನ್ನು ವರ್ಷಕ್ಕೆ ಎರಡು ಬಾರಿಯಾದರೂ ಸರಿಯಾಗಿ, ಮರೆಯಲ್ಲಿ ಅಳೆದು, ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಒಂದೇ ಕಾರ್ಡಿನಲ್ಲಿ ಬರೆದು ಅದನ್ನು ತಾಯಿಯ ಕೈಗೆ ಕೊಡುವ ಕೆಲಸವನ್ನು ಇಟಗಿಯಂತಹ ಒಂದೊಂದು ಊರಿನ ಶಾಲಾಭಿವೃದ್ಧಿ ಸಮಿತಿಯೂ ಗ್ರಾಮ ಪಂಚಾಯಿತಿಯೂ ಇದೇ ವರ್ಷ ಆರಂಭಿಸಬೇಕು. ಮಠಗಳು ತಮ್ಮ ವಿದ್ಯಾರ್ಥಿನಿಲಯಗಳಲ್ಲಿ ಇದಕ್ಕೆ ಮೇಲ್ಪಂಕ್ತಿ ಹಾಕಿಕೊಡಬೇಕು.